ಬಿಳಿ ಬಟ್ಟೆಯ ಮೇಸ್ತ್ರಿ

ನಂಜನಗೂಡಿನಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟವನಿಗೆ ಎದುರಿನಲ್ಲೇ ಒಬ್ಬ ಒಳ್ಳೆಯ ಮೆಕ್ಯಾನಿಕ್ ಸಿಕ್ಕಿದರೆ ಅದೃಷ್ಟ ಖುಲಾಯಿಸಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು. ಆದರೆ ಎದುರಿನ ತಗಡಿನ ಶೆಡ್ಡಿನ ಮೇಸ್ತ್ರಿ ನನ್ನ ವ್ಯಾಪಾರಕ್ಕೆ ಕೊಟ್ಟಷ್ಟು ಏಟನ್ನು ಇನ್ಯಾರೂ ಕೊಡಲಿಲ್ಲ. ಬೇರೆ ಗ್ಯಾರೇಜಿನವರಿಗೆ ಎಂಜಿನ್ ಸೋರುತ್ತಿದೆ ಎಂದು ಹೇಳಿದರೆ ಸಾಕು, ಮೇಲಿಂದ ಕೆಳಗಿನವರೆಗೆ ಬಿಚ್ಚಿ ಹಾಕಿ, ಸಂದುಗಳಲ್ಲಿ ಕೂರಿಸುವ ಪ್ಯಾಕಿಂಗ್ ಅಷ್ಟೂ ಹೊಸದು ಕೊಡಿ ಎಂದು ನನ್ನಲ್ಲಿಗೆ ಬರುತ್ತಿದ್ದರು. ಈ ಮಹಾಶಯರು ಮಾತ್ರ, "ಎಲ್ಲಿ ಸೋರ್ತದೆ ಅಂತ ಮೊದ್ಲು ಗೊತ್ತಾಗ್ಲಿ ತಡೀರಿ ಅಂಗಡಿಯವ್ರೇ. ಕಾಲ್ನೋವು ಅಂದೋನ್ಗೆ ತಲೆ ಬೋಳ್ಸೋದ್ಯಾಕೆ?" ಎಂದು ನನ್ನ ಆಸೆಗೆ ತಣ್ಣೀರು ಎರಚಿ, ಮಾರನೆಯ ದಿನ ಬಂದು ಒಂದೇ ಒಂದು ಪ್ಯಾಕಿಂಗ್ ಕೊಂಡು ಹೋಗುತ್ತಿದ್ದರು.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಶೆಡ್ಡಿನಲ್ಲಿ ಈಗ ಪ್ಲಾಸ್ಟಿಕ್ ಬಕೆಟ್ಟು, ಕುರ್ಚಿ ಮಾರುತ್ತಾರೆ. ನಾನು ಅಂಗಡಿಯ ಬಾಗಿಲು ತೆಗೆದು ಎದುರಿಗೆ ನೋಡಿದಾಗಲೆಲ್ಲ ಆ ಕೆಂಪು ನೀಲಿ ಬಕೆಟ್ಟುಗಳ ಮೇಲೆ ವಿನಾಕಾರಣ ಸಿಟ್ಟು ಬರುತ್ತದೆ.

ಮೇಸ್ತ್ರಿ ತೆಳ್ಳಗೆ, ಎತ್ತರಕ್ಕೆ ಇದ್ದರು. ಲಾರಿಯ ಕೆಳಗೆ ಮಲಗಿ ಎದ್ದರೂ ಅಂಗಿಗೆ ಒಂದು ಚುಕ್ಕೆ ಎಣ್ಣೆ ತಗುಲಿಸಿಕೊಳ್ಳುತ್ತಿರಲಿಲ್ಲ. ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು. ಬೇರೆ ಮೆಕ್ಯಾನಿಕ್ಕುಗಳನ್ನು ದೂರದಿಂದ ನೋಡಿ, "ಕೆಲ್ಸ ಮಾಡವ್ರೋ, ಕೆಸರಲ್ಲಿ ಎಮ್ಮೆ ಒಳ್ಳಾಡ್ದಂಗೆ ಒಳ್ಳಾಡವ್ರೋ" ಎನ್ನುತ್ತಿದ್ದರು. ಯಾವ ತೀರ್ಮಾನ ಹೇಳುವುದಕ್ಕೂ ಮೊದಲು ನಸ್ಯದ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿ, ಚಿಟಿಕೆ ಏರಿಸುತ್ತಿದ್ದರು. ಅಷ್ಟು ಹೊತ್ತು ಡ್ರೈವರು, ಲಾರಿ ಯಜಮಾನ, ಸುಮ್ಮನೆ ಬಂದು ನಿಂತವರು ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯಬೇಕು. ಡಾಕ್ಟರು ಕೂಡ ರೋಗಿಯನ್ನು ಅಷ್ಟು ಕಾಯಿಸುವುದಿಲ್ಲ.

ಅವರ ಹೆಸರು ಸುತ್ತಲ ಊರುಗಳಲ್ಲಿ ಓಡಾಡಿದ್ದು ಒಂದು ಬಟ್ಟೆಯಿಂದ. ಸೋರುತ್ತಿದೆ ಎಂದು ಬಂದ ಎಂಜಿನ್ನನ್ನು ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಕಾಯುವ ತನಕ ಓಡಿಸಿ ನಿಲ್ಲಿಸುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಎಂಜಿನ್ನಿನ ಕೆಳಗೆ ಒಂದು ಬಿಳಿ ಖಾದಿ ಬಟ್ಟೆ ಹಾಸುತ್ತಿದ್ದರು. ರೇಡಿಯೇಟರ್ ಕಡೆಯ ಮೂಲೆಗೆ ಒಂದು ಗಂಟು. ಬೆಳಿಗ್ಗೆ ಬಂದು ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಪ್ಪು ಕಲೆ ಬಿದ್ದಿದ್ದರೆ ಎಂಜಿನ್ ಆಯಿಲ್. ಜೇನಿನ ಬಣ್ಣಕ್ಕೆ ದಪ್ಪಗೆ ಅಂಟಿದ್ದರೆ ಗೇರ್ ಬಾಕ್ಸಿನದು. ಒಣಗಿಯೂ ಅಂಚಿನಲ್ಲಿ ತುಕ್ಕಿನ ಗೆರೆ ಉಳಿದಿದ್ದರೆ ರೇಡಿಯೇಟರ್ ನೀರು. ಬಣ್ಣವಿಲ್ಲದೆ ಅಗಲವಾಗಿ ಹರಡಿದ್ದರೆ ಡೀಸೆಲ್. ಗಂಟಿನಿಂದ ಕಲೆಗೆ ಎಷ್ಟು ದೂರ ಎಂದು ಗೇಣು ಹಾಕಿ ನೋಡಿ, ನೆಟ್ಟಗೆ ಹೋಗಿ ಅದರ ಮೇಲಿನ ಬೋಲ್ಟಿನ ಮೇಲೆ ಬೆರಳಿಡುತ್ತಿದ್ದರು. ಡ್ರೈವರುಗಳು ಇದಕ್ಕೆ "ಮೇಸ್ತ್ರಿ ಶಾಸ್ತ್ರ ನೋಡ್ತಾವ್ರೆ" ಎಂದು ತಮಾಷೆ ಮಾಡುತ್ತಿದ್ದರು. ಆದರೆ ಅಡ್ಡಬಾಯಿ ಹಾಕುತ್ತಿರಲಿಲ್ಲ.

ಬಟ್ಟೆ ಬದನವಾಳಿನದು. ಮೇಸ್ತ್ರಿಯ ಊರೂ ಅದೇ. ಅವರ ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದವರು. "ಯಾವ್ದಾದ್ರೂ ಹಳೇ ಪಂಚೆ ಹಾಸಿದ್ರೆ ಆಗಲ್ವಾ ಮೇಸ್ತ್ರಿ?" ಎಂದು ನಾನೊಮ್ಮೆ ಕೇಳಿದ್ದೆ. "ಮಿಲ್ ಬಟ್ಟೆ ಎಣ್ಣೆ ಜಾರುಸ್ಬುಡ್ತದೆ. ಇದು ಬಿದ್ದಿದ್ನ ಬಿದ್ದ ಜಾಗದಲ್ಲೇ ಇಡ್ಕತದೆ. ನಮ್ಮವ್ವನ ನೂಲು ಸುಳ್ಳೇಳಲ್ಲ ಅಂಗಡಿಯವ್ರೇ" ಎಂದರು. ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಆ ಕೇಂದ್ರದಿಂದ ಬಂದ ತುಂಡುಗಳೆಲ್ಲ ಅವರ ಪಾಲಿಗೆ ಅವ್ವನ ನೂಲೇ.

ಎಂಜಿನ್ ಬಿಚ್ಚಿದರೆ ಭಾಗಗಳೆಲ್ಲ ಕಳಚಿದ ಸರದಿಯಲ್ಲೇ ಇನ್ನೊಂದು ಬಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಯಾರೂ ಅದನ್ನು ದಾಟಬಾರದು. ಕಾರ್ಕ್ ಹಾಳೆಯನ್ನು ಕತ್ತರಿಸಿ ಪ್ಯಾಕಿಂಗುಗಳನ್ನು ತಾವೇ ಮಾಡಿಕೊಳ್ಳುವ ದುಶ್ಚಟ ಬೇರೆ. ಒಮ್ಮೆ ಹಿಂದಿನ ಬೀದಿಯ ಅಜ್ಜಿಯೊಬ್ಬಳ ಆಡು ಬಂದು, ಅವರು ಅರ್ಧ ದಿನ ಕೂತು ಕತ್ತರಿಸಿದ್ದ ಪ್ಯಾಕಿಂಗನ್ನು ಅಗಿದು ನುಂಗಿತು. ಮೇಸ್ತ್ರಿ ಕೆಂಡಾಮಂಡಲವಾಗಿ ಜಗಳಕ್ಕೆ ಹೋದರೆ, ಅಜ್ಜಿ ಉಳಿದ ಚೂರನ್ನು ತಿರುಗಿಸಿ ತಿರುಗಿಸಿ ನೋಡಿ, "ಒಣಗಿದ್ ರಾಗಿ ರೊಟ್ಟಿಯ ನೆಲದ್ಮೇಲೆ ಹಾಕಿ ಆಡ್ಮೇಲೆ ತಪ್ಪೊರುಸ್ತೀಯಲ್ಲಪ್ಪಾ" ಎಂದು ಅವರಿಗೇ ಬುದ್ಧಿ ಹೇಳಿ ಕಳಿಸಿದಳು. ಅವತ್ತು ಅವರು ನನ್ನ ಅಂಗಡಿಯಿಂದ ಸಿದ್ಧ ಪ್ಯಾಕಿಂಗ್ ಕೊಂಡರು. ಆ ಆಡಿನ ಉಪಕಾರವನ್ನು ನಾನು ಮರೆತಿಲ್ಲ.

ಇಷ್ಟು ಹೇಳಿದರೆ ಮೇಸ್ತ್ರಿಯ ಅರ್ಧ ಮಾತ್ರ ಹೇಳಿದಂತೆ. ಇನ್ನರ್ಧ ಮಾದೇವನ ವಿಷಯ.

ಮಾದೇವ ಹೆಮ್ಮಿಗೆಯವನು. ತಿ. ನರಸೀಪುರದಲ್ಲಿ ಭತ್ತದ ಮಂಡಿ ಇಟ್ಟಿದ್ದ ಪುಟ್ಟಬಸಪ್ಪನವರ ಲಾರಿಗೆ ಡ್ರೈವರು. ತೊಂಬತ್ತರ ದಶಕದ ನಡುವಿನ ಮಾತು. ಆ ಲಾರಿಗೆ ಏನೇ ಆದರೂ ನಂಜನಗೂಡಿಗೇ ಬರಬೇಕು, ನಮ್ಮ ಮೇಸ್ತ್ರಿಯೇ ಮುಟ್ಟಬೇಕು. ರಿಪೇರಿ ಮುಗಿದ ಮೇಲೆ ಮೇಸ್ತ್ರಿಯೂ ಲಾರಿ ಹತ್ತಿ ನರಸೀಪುರದವರೆಗೆ ಹೋಗಿ, ಮಂಡಿಯ ಅಂಗಳದಲ್ಲಿ ಮತ್ತೊಮ್ಮೆ ಬಟ್ಟೆ ಹಾಸಿ, ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಟೀ ಕುಡಿದು ಬಂದು ಬಟ್ಟೆ ಕೊಡವಿ, ಆಮೇಲೆ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದರು. ಅದು ಅವರ ಪದ್ಧತಿ. ಅದಕ್ಕೆ ಯಾರೂ ಅವರನ್ನು ಕರೆಯಬೇಕಾಗಿರಲಿಲ್ಲ.

ಆ ವರ್ಷ ಲಾರಿ ವಿಪರೀತ ಡೀಸೆಲ್ ಕುಡಿಯತೊಡಗಿತು. ಪುಟ್ಟಬಸಪ್ಪನವರು ಲಾರಿಯನ್ನು ಮೇಸ್ತ್ರಿಯ ಬಳಿಗೆ ಕಳಿಸಿ, ಎಲ್ಲಾದರೂ ಸೋರುತ್ತಿದೆಯಾ ನೋಡಿ ಎಂದು ಹೇಳಿಸಿದರು. ಅಷ್ಟೇ ಹೇಳಿಸಿದ್ದು. ಮನಸ್ಸಿನಲ್ಲಿ ಏನಿದೆ ಎಂದು ಹೇಳಿಸಲಿಲ್ಲ. ಹಿಂದಿನ ತಿಂಗಳಷ್ಟೇ ಆ ಎಂಜಿನ್ನಿಗೆ ಕೈ ಹಾಕಿದ್ದ ಮೇಸ್ತ್ರಿಗೆ ಇದು ತನ್ನ ಕೆಲಸದ ಮೇಲಿನ ಅನುಮಾನದಂತೆ ಕೇಳಿಸಿತು. ಮೂತಿ ಬಿಗಿದುಕೊಂಡೇ ತೊಳೆದರು, ಓಡಿಸಿದರು, ಬಟ್ಟೆ ಹಾಸಿದರು. ಬೆಳಿಗ್ಗೆ ನೋಡಿದರೆ ಹಾಸಿದಂತೆಯೇ ಇದೆ. ಒಂದು ಚುಕ್ಕೆಯೂ ಇಲ್ಲ. ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದರು. ಮೇಲಿನ ಗೆರೆಯ ತನಕ ತುಂಬಿದೆ.

"ನಾನು ಆಯಿಲ್ ಹಾಕಿ ಸುಮಾರು ದಿನ ಆಯ್ತು ಮೇಸ್ತ್ರಿ. ತಗ್ಗೇ ಇಲ್ಲ" ಎಂದ ಮಾದೇವ, ಮನೆಯ ಹಸು ಚೆನ್ನಾಗಿ ಹಾಲು ಕೊಡುತ್ತಿದೆ ಎನ್ನುವವನ ಹಾಗೆ.

"ನಾನು ಕಟ್ಟಿದ್ ಎಂಜಿನ್ ಕಣ್ಲಾ. ಯಾಕ್ ತಗ್ತದೆ?" ಎಂದರು ಮೇಸ್ತ್ರಿ.

ಅದೇ ಜೋರಿನಲ್ಲಿ ನರಸೀಪುರಕ್ಕೂ ಹೋದರು. ಮಂಡಿಯಲ್ಲಿ ಹಮಾಲರು, ರೈತರು, ಗುಮಾಸ್ತೆ ಎಲ್ಲರ ಎದುರು ಬಟ್ಟೆ ಕೊಡವಿ, "ನೋಡ್ಕಳಿ ಯಜಮಾನ್ರೇ. ಒಂದ್ ತೊಟ್ಟೂ ಸೋರಿಲ್ಲ. ನನ್ ಮಾತು" ಎಂದು ಘೋಷಿಸಿ ಬಸ್ಸು ಹತ್ತಿದರು. ಆ ಬಸ್ಸು ನಂಜನಗೂಡು ಮುಟ್ಟುವಷ್ಟರಲ್ಲಿ ಪುಟ್ಟಬಸಪ್ಪನವರು ಮಾದೇವನ ಕೈಯಿಂದ ಲಾರಿ ಕೀ ಕಿತ್ತುಕೊಂಡಿದ್ದರು. ಲಾರಿ ಸೋರುತ್ತಿಲ್ಲ ಎಂದಮೇಲೆ ಡೀಸೆಲ್ ಎಲ್ಲಿ ಹೋಗುತ್ತದೆ? ಡ್ರೈವರು ದಾರಿಯಲ್ಲಿ ತೆಗೆದು ಮಾರುತ್ತಾನೆ. ಲೆಕ್ಕ ಅಷ್ಟು ಸಲೀಸಾಗಿತ್ತು. ಡೀಸೆಲ್ ಕಳ್ಳ ಎಂದು ಒಮ್ಮೆ ಮಾತು ಬಿದ್ದರೆ ನರಸೀಪುರ, ನಂಜನಗೂಡು ಎರಡೂ ಕಡೆ ಯಾರೂ ಲಾರಿ ಕೊಡುವುದಿಲ್ಲ. ಮಾದೇವನಿಗೂ ಯಾರೂ ಕೊಡಲಿಲ್ಲ.

ಸುದ್ದಿ ನಮ್ಮ ಬೀದಿಗೆ ಬಂದಾಗ ಮೇಸ್ತ್ರಿ ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. "ಕದಿಯೋ ಮಕ ಅಲ್ಲ ಅದು" ಎಂದರು. ಆಮೇಲೆ, "ಬಟ್ಟೆ ಬೆಳ್ಳಗಿತ್ತಲ್ಲ ಅಂಗಡಿಯವ್ರೇ, ನೀವೂ ನೋಡುದ್ರಲ್ಲ" ಎಂದರು. ನಾನು ಹೌದೆಂದೆ. ಅವರು ಎರಡು ಚಿಟಿಕೆ ನಸ್ಯ ಒಟ್ಟಿಗೇ ಏರಿಸಿದರು.

ಭತ್ತದ ಸುಗ್ಗಿ ಶುರುವಾಗುವ ಹೊತ್ತಿಗೆ ಅದೇ ಲಾರಿಯನ್ನು ಇನ್ನೊಬ್ಬ ಡ್ರೈವರು ಎಳೆಸಿಕೊಂಡು ಬಂದ. ಎಂಜಿನ್ನಿನ ಒಳಗೆ ಬೇರಿಂಗ್ ಸದ್ದು, ಒನಕೆಯಲ್ಲಿ ಕುಟ್ಟಿದ ಹಾಗೆ. ಮೇಸ್ತ್ರಿ ತಳದ ಬೋಲ್ಟು ಬಿಚ್ಚಿ ಹಳೇ ಆಯಿಲ್ ಇಳಿಸಲು ಟ್ರೇ ಇಟ್ಟರು. ಒಂದು ಎಂಜಿನ್ನಿನ ಆಯಿಲ್ ಅಷ್ಟೂ ಹಿಡಿಯುವ ಟ್ರೇ ಅದು. ಅವತ್ತು ತುಂಬಿ, ಅಂಚು ಮೀರಿ, ನೆಲಕ್ಕೆ ಹರಿಯಿತು. ತಿಳಿಸಾರಿನ ಹಾಗೆ ತೆಳ್ಳಗೆ ಹರಿದು ರಸ್ತೆಯ ಕಡೆಗೇ ಬಂತು.

ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಕೂಗಿದೆ: "ಏನ್ ಮೇಸ್ತ್ರಿ, ಡೀಸೆಲ್ ಚೆಲ್ಲಿಬಿಟ್ರಾ? ನಾತ ಇಲ್ಲಿಗಂಟ ಬತ್ತಾ ಅದೆ."

ಮೇಸ್ತ್ರಿ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಒಂದು ಬೆರಳು ಆಯಿಲಿನಲ್ಲಿ ಅದ್ದಿ ಮೂಗಿಗೆ ಹಿಡಿದರು. ಮತ್ತೆ ಅದ್ದಿದರು, ಮತ್ತೆ ಹಿಡಿದರು. "ನಂಗೇನೂ ಬತ್ತಾ ಇಲ್ವಲ್ಲ" ಎಂದರು. ನಾನು ರಸ್ತೆ ದಾಟಿ ಹೋದೆ. ಆ ಶೆಡ್ಡಿನಲ್ಲಿ ಡೀಸೆಲ್ ವಾಸನೆ ಮೂಗಿಗೆ ರಾಚುತ್ತಿತ್ತು. ಮೂವತ್ತು ವರ್ಷ ನಸ್ಯ ಏರಿಸಿದ ಮೂಗಿಗೆ ಮಾತ್ರ ಅದು ಗೊತ್ತಾಗಲಿಲ್ಲ.

ಡೀಸೆಲ್ ಸೋರುತ್ತಿತ್ತು. ಆದರೆ ಹೊರಗಲ್ಲ. ಎಂಜಿನ್ನಿಗೆ ಡೀಸೆಲ್ ಎತ್ತಿ ಕೊಡುವ ಪಂಪಿನೊಳಗಿನ ಒಂದು ಸಣ್ಣ ಕಡ್ಡಿ ಸವೆದು, ಅದರ ಪಕ್ಕದಿಂದ ಡೀಸೆಲ್ ಒಳಗೊಳಗೇ ಎಂಜಿನ್ ಆಯಿಲಿಗೆ ಇಳಿಯುತ್ತಿತ್ತು. ಓಡುವ ಎಂಜಿನ್ನಿನಲ್ಲಿ ಆಯಿಲ್ ಸ್ವಲ್ಪವಾದರೂ ತಗ್ಗಲೇಬೇಕು. ಇಲ್ಲಿ ತಗ್ಗದೆ ಇದ್ದದ್ದು ಅದಕ್ಕೇ. ಅದು ತಗ್ಗುವ ಬದಲು ದಿನದಿನವೂ ಏರುತ್ತಿತ್ತು. ತೆಳ್ಳಗಾದ ಆಯಿಲು ಬೇರಿಂಗನ್ನು ತಿಂದುಹಾಕಿತ್ತು. ಕೆಳಗೆ ಹಾಸಿದ ಬಟ್ಟೆ ಬೆಳ್ಳಗಿರದೆ ಇನ್ನೇನಾಗುತ್ತದೆ?

ಮೇಸ್ತ್ರಿ ಟ್ರೇಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಅವ್ನು ಬಾಯ್ಬುಟ್ಟು ಏಳ್ದ ಕಣ್ರೀ. ಆಯಿಲ್ ತಗ್ಗೇ ಇಲ್ಲ ಮೇಸ್ತ್ರಿ ಅಂತ. ನಾನು ಮೀಸೆ ತಿರುವ್ದೆ" ಎಂದರು. ಜೇಬಿನಿಂದ ನಸ್ಯದ ಡಬ್ಬಿ ತೆಗೆದು, ತಟ್ಟದೆ, ಮುಚ್ಚಳ ಬಿಚ್ಚಿ, ಇದ್ದಷ್ಟನ್ನೂ ಆ ಎಣ್ಣೆಗೇ ಸುರಿದರು. ಅವರ ಬಿಳಿ ಅಂಗಿಯ ತೋಳಿಗೆ ಅವತ್ತು ಕಪ್ಪು ಎಣ್ಣೆ ಹತ್ತಿತ್ತು. ಅವರು ಅದನ್ನು ಗಮನಿಸಲೂ ಇಲ್ಲ.

ಎಂಜಿನ್ ಪೂರ್ತಿ ಬಿಚ್ಚಿದರು. ಭಾಗಗಳನ್ನೆಲ್ಲ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಏನು ಬದಲಿಸಬೇಕು, ಏನು ಉಜ್ಜಿಸಿದರೆ ಸಾಕು, ಯಾವುದು ಮೈಸೂರಿಗೆ ಹೋಗಬೇಕು ಎಂದೆಲ್ಲ ಯೋಚಿಸಿ ನನಗೆ ಹೇಳಿದರು. ನಾನು ಬೇರಿಂಗ್, ಪ್ಯಾಕಿಂಗ್ ಎಲ್ಲ ತರಿಸಿಕೊಟ್ಟೆ. ಆಮೇಲೆ ಅವರು ಕೈಕಟ್ಟಿ ಕೂತುಬಿಟ್ಟರು. ಜೋಡಿಸಲೇ ಇಲ್ಲ.

ಸುಗ್ಗಿಯಲ್ಲಿ ಲಾರಿ ಮಲಗಿದರೆ ಮಂಡಿಯವರು ಸುಮ್ಮನಿರುತ್ತಾರೆಯೇ? ಪುಟ್ಟಬಸಪ್ಪನವರು ಜೀಪಿನಲ್ಲಿ ಬಂದಿಳಿದರು. "ಏನ್ರೀ ಮೇಸ್ತ್ರಿ, ಸಾಮಾನೆಲ್ಲ ಬಂದದೆ ಅಂತಾರೆ. ಇನ್ನೂ ಹರಡ್ಕೊಂಡು ಕೂತಿದ್ದೀರಲ್ಲ?"

ಮೇಸ್ತ್ರಿ ಪಂಪಿನ ಸವೆದ ಕಡ್ಡಿಯನ್ನು ಅಂಗೈ ಮೇಲಿಟ್ಟು ಚಾಚಿದರು. "ನಿಮ್ ಡೀಸೆಲ್ ಕದ್ದೋನು ಇವ್ನು. ಮಾದೇವ ಅಲ್ಲ."

ಯಜಮಾನರು ಅದನ್ನು ನೋಡಿ, ಎಲ್ಲ ಕೇಳಿಸಿಕೊಂಡು, "ಆಗಿದ್ದಾಯ್ತು. ಸೋರಿಲ್ಲ ಅಂದೋರು ನೀವೇ ತಾನೇ?" ಎಂದರು.

"ನಾನೇ. ಅದ್ಕೇ ಏಳ್ತೀವ್ನಿ. ಈ ಎಂಜಿನ್ನ ಜೋಡುಸ್ತೀನಿ, ಮೊದಲ್ನೇ ಸಲ ಸ್ಟಾರ್ಟ್ ಮಾಡೋನು ಮಾದೇವ ಆಗ್ಬೇಕು. ನೀವು ಇಲ್ಲಿ ನಿಂತಿರ್ಬೇಕು. ಒಪ್ದೆ ಇದ್ರೆ ಇದ್ನೆಲ್ಲ ಗೋಣಿಚೀಲಕ್ಕೆ ತುಂಬ್ಕೊಡ್ತೀನಿ, ಬೇರೆ ಗ್ಯಾರೇಜ್ಗೆ ತಕ್ಕೊಂಡೋಗಿ."

ಪುಟ್ಟಬಸಪ್ಪನವರದು ಒಂದೇ ಲಾರಿಯಲ್ಲ. ಅವರ ನೆಂಟರಿಷ್ಟರ ಲಾರಿಗಳೆಲ್ಲ ಈ ಶೆಡ್ಡಿಗೇ ಬರುತ್ತಿದ್ದವು. ಅವರು ಮುಖ ತಿರುಗಿಸಿದರೆ ಮೇಸ್ತ್ರಿ ಬಾಗಿಲು ಹಾಕಬೇಕಾಗುತ್ತಿತ್ತು. ಯಜಮಾನರು ಬಟ್ಟೆಯ ಮೇಲಿನ ಭಾಗಗಳನ್ನು ಒಮ್ಮೆ ನೋಡಿ, ಜೀಪು ಹತ್ತಿ ಹೋದರು.

ಮಾರನೆಯ ದಿನ ಮೇಸ್ತ್ರಿ ನನ್ನ ಸ್ಕೂಟರಿನ ಹಿಂದೆ ಕೂತರು. ಮೊದಲು ನರಸೀಪುರದ ಮಂಡಿ. ಅದೇ ಅಂಗಳ, ಅದೇ ಹಮಾಲರು. ಯಜಮಾನರು ಗದ್ದುಗೆಯಲ್ಲೇ ಇದ್ದರು. ಮೇಸ್ತ್ರಿ ಬಾಟಲಿಯಲ್ಲಿ ತಂದಿದ್ದ ಎಂಜಿನ್ ಆಯಿಲನ್ನು ತೆಗೆದು, ನಿಂತಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಮೂಸಿಸಿದರು. "ಏನ್ ನಾತ ಏಳ್ರಪ್ಪಾ." "ಡೀಸೆಲ್ ಮೇಸ್ತ್ರಿ." "ಡೀಸೆಲ್ ಕಣ." ಎಲ್ಲರೂ ಮೂಸಿದ ಮೇಲೆ, "ಅವತ್ತು ಇಲ್ಲೇ ನಿಂತ್ಕಂಡು ಸೋರಿಲ್ಲ ಅಂದೆ. ಸೋರ್ತಿತ್ತು. ನಂಗೆ ಕಾಣ್ನಿಲ್ಲ. ಮಾದೇವ ಕದ್ದಿಲ್ಲ" ಎಂದರು. ಎಂದೂ ತಪ್ಪೊಪ್ಪಿಕೊಂಡು ಅಭ್ಯಾಸವಿಲ್ಲದ ಮನುಷ್ಯ ಅದನ್ನು ಕೂಗಿಯೇ ಹೇಳಿದರು. ಪುಟ್ಟಬಸಪ್ಪನವರು ಎದ್ದು ಒಳಗೆ ಹೋದರು.

ಅಲ್ಲಿಂದ ಹೆಮ್ಮಿಗೆ. ಮಾದೇವ ಗದ್ದೆಯ ಬದುವಿನಲ್ಲಿ ಕೂಲಿ ಕೆಲಸಕ್ಕೆ ನಿಂತಿದ್ದ. ಮನೆಯ ಬಾಗಿಲಲ್ಲಿ ಸಿಕ್ಕವಳು ಅವನ ಹೆಂಡತಿ. "ನಿಮ್ ಬಟ್ಟೆ ಬೆಳ್ಳಗಿತ್ತಂತಲ್ಲ ಮೇಸ್ತ್ರಿ. ನಾವು ಬೀದೀಲಿ ತಲೆ ಎತ್ಕಂಡು ಓಡಾಡಂಗಿಲ್ಲ" ಎಂದಳು. ಅಷ್ಟು ಹೇಳಿ, ನೀರು ಮಾತ್ರ ತಂದು ಕೊಟ್ಟಳು. ಮೇಸ್ತ್ರಿ ಆ ಚೊಂಬನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು, ಕುಡಿಯಲಿಲ್ಲ.

ಗದ್ದೆಯ ಹತ್ತಿರ ಮಾದೇವ ಗುದ್ದಲಿ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ. "ನಾನು ಕದ್ದಿಲ್ಲ ಅಂತ ನಂಗೊತ್ತಿತ್ತು ಮೇಸ್ತ್ರಿ. ಅದ್ನ ಏಳಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ?" ಎಂದ. "ಅವತ್ತು ಯಜಮಾನ್ರ ಮುಂದೆ ನೀವು ನನ್ನ ಒಂದ್ ಮಾತು ಕೇಳ್ಬೋದಿತ್ತು. ನೀನೇನಂತೀಯ್ಲಾ ಅಂತ. ಆ ಗಾಡೀಲಿ ದಿನಾ ಕೂರೋನು ನಾನು."

ಮೇಸ್ತ್ರಿಯ ಬಾಯಿಂದ ಬಂದದ್ದು ಇಷ್ಟೇ: "ಕೇಳ್ಬೇಕಿತ್ತು ಕಣಪ್ಪಾ."

ವಾಪಸ್ಸು ಬರುವಾಗ ಅವರ ಮೇಲೆ ನನಗೆ ಹಿಂದೆಂದೂ ಬಾರದಷ್ಟು ಪ್ರೀತಿ ಬಂತು. ಅದನ್ನು ಹೇಳುವುದಕ್ಕೆ ಬಾಯಿ ಬರದೆ, ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ಟೀ ಕುಡಿಸಿದೆ.

ಕೊನೆಗೆ ಪುಟ್ಟಬಸಪ್ಪನವರು ಒಪ್ಪಿಗೆ ಹೇಳಿ ಕಳಿಸಿ, ಶೆಡ್ಡಿಗೆ ಬಂದರು. ಸುಗ್ಗಿ ಕರೆತಂದಿತೋ, ಅಂಗಳದಲ್ಲಿ ಮೂಸಿದ ಹಮಾಲರ ಮಾತು ಕರೆತಂದಿತೋ ತಿಳಿಯದು. ಮಾದೇವನೂ ಬಸ್ಸಿಳಿದು ಬಂದ, ಒಗೆದ ಅಂಗಿ ಹಾಕಿಕೊಂಡು. ಎಂಜಿನ್ ಜೋಡಣೆಯಾಗಿತ್ತು. ಯಜಮಾನರು ತಾವೇ ಕೀ ಚಾಚಿ, "ತಗೋ. ನಾಳೆಯಿಂದ ಬಂದ್ಬಿಡು" ಎಂದರು. ಅವರಂಥವರ ಬಾಯಲ್ಲಿ ಅದೇ ಕ್ಷಮೆ. ಮಾದೇವ ಹತ್ತಿ ಸ್ಟಾರ್ಟ್ ಮಾಡಿದ. ತಲೆ ಓರೆ ಮಾಡಿ ಸದ್ದು ಕೇಳಿದ. ಎಂಜಿನ್ ಕಾಯುವ ತನಕ ಕೂತಿದ್ದು, ಆಫ್ ಮಾಡಿ ಇಳಿದು, ಕೀಯನ್ನು ಯಜಮಾನರ ಕೈಗೇ ವಾಪಸ್ಸು ಇಟ್ಟ. "ಚೆನ್ನಾಗದೆ ಮೇಸ್ತ್ರಿ" ಎಂದ. "ನಾ ಬತ್ತೀನಿ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ನಾವೆಲ್ಲ ನೋಡುತ್ತ ನಿಂತಿದ್ದೆವು.

ಆಮೇಲೆ ಅವನಿಗೆ ಬೇರೆ ಕಡೆ ಲಾರಿ ಸಿಕ್ಕಿತು. ಕೆಲವು ವರ್ಷ ಕಳೆದ ಮೇಲೆ ಭಾವಮೈದುನನ ಜೊತೆ ಸೇರಿ ಸ್ವಂತಕ್ಕೆ ಒಂದು ಹಳೇ ಲಾರಿ ಮಾಡಿಕೊಂಡ. ಅದಕ್ಕೆ ಯಾವ ರಿಪೇರಿಯಾದರೂ ನಮ್ಮ ಮೇಸ್ತ್ರಿಯೇ. ಹಳೆಯದನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮೇಸ್ತ್ರಿ ಬಟ್ಟೆ ಹಾಸುವುದನ್ನು ಬಿಡಲಿಲ್ಲ. ಆದರೆ ಬಟ್ಟೆ ನೋಡಿದ ಮೇಲೆ ಆಯಿಲ್ ಕಡ್ಡಿ ಎಳೆದು, ಡ್ರೈವರನ್ನು ಹತ್ತಿರ ಕರೆದು ಅವನ ಮೂಗಿಗೆ ಹಿಡಿಯುವುದು ಶುರುವಾಯಿತು. "ಮೂಸ್ಲಾ. ನೀನೇನಂತೀಯ?" ನಸ್ಯವನ್ನು ಮತ್ತೆ ಮುಟ್ಟಲಿಲ್ಲ. ಮೂಗು ವಾಸಿಯಾಯಿತೇ ಎಂದು ನಾನು ಆಗಾಗ ಕೆಣಕುತ್ತಿದ್ದೆ. "ವಸಿ ವಸಿ ಬತ್ತಾ ಅದೆ. ಮೊನ್ನೆ ನಿಮ್ ಅಂಗಡಿ ಊದಿನಕಡ್ಡಿ ನಾತ ಬಂತು. ಅಗ್ಗದ್ದು" ಎನ್ನುತ್ತಿದ್ದರು.

ಕೊನೆಯ ವರ್ಷ ಕಾಲು ಸ್ವಾಧೀನ ತಪ್ಪಿ ಬದನವಾಳಿನ ಮನೆಯಲ್ಲೇ ಇದ್ದರು. ಜ್ಯೇಷ್ಠ ಮಾಸದಲ್ಲಿ ಒಂದು ದಿನ ಮಾದೇವ ನನ್ನ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ, "ಬನ್ನಿ, ಮೇಸ್ತ್ರೀನ ನೋಡ್ಕಂಡು ಬರವಾ" ಎಂದ. ಹೋದೆವು. ಮೇಸ್ತ್ರಿ ಮಂಚದ ಮೇಲೆ ಒಣಗಿದ ಕಡ್ಡಿಯ ಹಾಗೆ ಮಲಗಿದ್ದರು. ಅಂಗಿ ಮಾತ್ರ ಬೆಳ್ಳಗಿತ್ತು. ಮಾದೇವ ಕುಶಲ ಕೇಳಲಿಲ್ಲ. ಹೊರಗೆ ಹೋಗಿ ಬಾನೆಟ್ ಎತ್ತಿ, ಆಯಿಲ್ ಕಡ್ಡಿಯನ್ನು ಎಳೆದು, ತೊಟ್ಟಿಕ್ಕದ ಹಾಗೆ ಕೆಳಗೆ ಕೈ ಹಿಡಿದುಕೊಂಡು ಒಳಗೆ ತಂದ. ಮಂಚದ ಪಕ್ಕ ಕೂತು ಅವರ ಮೂಗಿನ ಹತ್ತಿರ ಹಿಡಿದ.

"ನೋಡೇಳಿ ಮೇಸ್ತ್ರಿ."

ಮೇಸ್ತ್ರಿ ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. "ಬರೀ ಆಯಿಲ್ ಕಣ್ಲಾ. ಬೇರೇನೂ ಸೇರಿಲ್ಲ" ಎಂದರು. ಆಮೇಲೆ ಕಣ್ಣು ಬಿಟ್ಟು ಕೇಳಿದರು: "ನೀನೇನಂತೀಯ?"

"ನೀವೇಳುದ್ಮೇಲೆ ಇನ್ನೇನು ಮೇಸ್ತ್ರಿ" ಎಂದ ಮಾದೇವ.

ಮೇಸ್ತ್ರಿ ಹೊದಿಕೆಯೊಳಗಿಂದ ಕೈ ತೆಗೆದು ಅವನ ಮಣಿಕಟ್ಟು ಹಿಡಿದುಕೊಂಡರು. ಆ ಕೈಯಲ್ಲಿ ಅಷ್ಟು ಬಲ ಉಳಿದಿತ್ತೆಂದು ನಾನು ತಿಳಿದಿರಲಿಲ್ಲ. ಕಡ್ಡಿಯನ್ನು ಅವನ ಮುಖದ ಕಡೆಗೇ ತಿರುಗಿಸಿ, "ಅಂಗನ್ಬ್ಯಾಡ. ನೀನು ಮೂಸಿ ಏಳು" ಎಂದರು.

ಮಾದೇವ ಮೂಸಿದ. ಕಣ್ಣಲ್ಲಿ ನೀರು ತುಂಬಿಕೊಂಡು, "ಸರಿಯಾಗದೆ ಮೇಸ್ತ್ರಿ" ಎಂದ. ಅದನ್ನು ಕೇಳಿದ ಮೇಲೆಯೇ ಅವರು ಅವನ ಕೈ ಬಿಟ್ಟರು.